ರಸ್ತೆಯ ಕಲ್ಲನ್ನು ಓದಲು ಕಲಿಯೋಣ

ಮಲಪನಗುಡಿಯಿಂದ ಹೊಸಪೇಟೆಗೆ ದಿನವೂ ಕೂಲಿಗೆ, ವ್ಯಾಪಾರಕ್ಕೆ ಹೋಗಿಬರುವ ನಮ್ಮ ಜನ ರಸ್ತೆಯಂಚಿನ ಕಲ್ಲುಗಳನ್ನು ಕಣ್ಣೆತ್ತಿ ನೋಡುವುದಿಲ್ಲ. ಅವು ಹಂಪಿ ನೋಡಲು ಬರುವ ಕಾರಿನವರಿಗೆಂದು ತಿಳಿದಿದ್ದಾರೆ. ಇದು ತಪ್ಪು. ಆ ಕಲ್ಲು ನೆಟ್ಟದ್ದು ನಮ್ಮ ತೆರಿಗೆಯ ಹಣದಿಂದ. ಅದನ್ನು ಓದಬಲ್ಲವನನ್ನು ಯಾವ ಕಚೇರಿಯೂ ಸುಲಭವಾಗಿ ಅಲೆಸಲಾರದು.

ಕಲ್ಲಿನ ತಲೆಯ ಬಣ್ಣ ನೋಡಿರಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ. ಹೊಣೆ ಕೇಂದ್ರ ಸರ್ಕಾರದ್ದು. ಹಸಿರಾದರೆ ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿಯಾದರೆ ಜಿಲ್ಲೆಯ ಇಲ್ಲವೆ ಪಟ್ಟಣದ ರಸ್ತೆ. ಕಿತ್ತಳೆಯಾದರೆ ಹಳ್ಳಿಯ ರಸ್ತೆ. 2000ದಲ್ಲಿ ಆರಂಭವಾದ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಇದೇ ಗುರುತು. ಹಿಂದೊಂದು ಮಳೆಗಾಲದಲ್ಲಿ ಒಡೆದ ಮೋರಿಗಾಗಿ ಅರ್ಜಿ ಹಿಡಿದು ನಾವು ಮೂರು ಕಚೇರಿ ಹತ್ತಿ ಇಳಿದೆವು. ಎಲ್ಲೆಲ್ಲೂ ಒಂದೇ ಮಾತು: ‘ಈ ರಸ್ತೆ ನಮಗೆ ಸೇರಿದ್ದಲ್ಲ.’ ಜೊತೆಗೆ ಬಂದವರಿಗೆ ಮೂರು ದಿನದ ಕೂಲಿ ಹೋಯಿತು. ಉತ್ತರವೋ, ಮೋರಿಯಿಂದ ನೂರು ಮಾರು ದೂರದ ಕಲ್ಲಿನ ತಲೆಯ ಮೇಲೆಯೇ ಇತ್ತು!

ಬಣ್ಣ ದೇಶಕ್ಕೆಲ್ಲ ಒಂದೇ. ಸೀಮೆ ದಾಟಿದಂತೆ ಬದಲಾಗುವುದು ಅಕ್ಷರ. ಬಳ್ಳಾರಿ ದಾಟಿ ಗುಂತಕಲ್ಲಿನ ಕಡೆ ಹೋದರೆ ತೆಲುಗು. ಎರಡೂ ಲಿಪಿಗಳು ಒಡಹುಟ್ಟಿದವಾದ್ದರಿಂದ ನಮ್ಮವರು ಹೇಗೋ ಕೂಡಿಸಿ ಓದಿಯಾರು. ಆದರೆ ಸಂಡೂರಿನ ಅದಿರಿಗೆ ದೂರದ ರಾಜ್ಯದಿಂದ ಬಂದ ಲಾರಿಯ ಚಾಲಕನಿಗೆ ಕನ್ನಡ ಬಾರದು. ಅವನೂ ದುಡಿಯುವವನೇ. ಆದುದರಿಂದ ಬೇರೆ ಲಿಪಿ ಬೇಡವೆನ್ನುವವರು ನಾವಲ್ಲ. ಆದರೆ ಊರವರ ನುಡಿಯನ್ನು ಹಿಂದಕ್ಕೆ ತಳ್ಳಿ ಬರೆಯುವುದು ಸಲ್ಲದು. ತಮಿಳುನಾಡಿನ ಹೆದ್ದಾರಿ ಕಲ್ಲುಗಳಲ್ಲಿ ಹಿಂದಿ ಕಾಣಿಸಿಕೊಂಡಾಗ, 2017ರಲ್ಲಿ, ಎದ್ದ ಪ್ರತಿಭಟನೆ ಇದನ್ನೇ ಹೇಳಿತು.

ಇನ್ನೊಂದು ತೊಡಕು ಸಂಖ್ಯೆಯದು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟರು. ಹೊಸಪೇಟೆಯ ಮೇಲೆ ಹಾಯುವ 63 ಈಗ 67; 13 ಈಗ 50. 2014ರಲ್ಲಿ ಇಂಗ್ಲಿಷಿನ ‘ಹಾಸ್ಪೆಟ್’ ಹೊಸಪೇಟೆಯಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಾಗದದ ಮೇಲಿನ ಬದಲಾವಣೆ ಹಲಗೆಗೆ ಬಾರದಿದ್ದರೆ ದಾರಿ ತಪ್ಪುವವನು ಬಡ ಪ್ರಯಾಣಿಕ.

ನಾವು ಕೇಳುವುದು ಇಷ್ಟೆ: ಪ್ರತಿ ಹಳ್ಳಿಯ ಕೂಡುರಸ್ತೆಯಲ್ಲಿ ಕನ್ನಡದ ದೊಡ್ಡ ಅಕ್ಷರದಲ್ಲಿ ಊರ ಹೆಸರು, ರಾತ್ರಿ ಪಾಳಿ ಮುಗಿಸಿ ಬರುವವನಿಗೂ ಕಾಣುವ ಹೊಳೆಯುವ ಬಣ್ಣ, ರಸ್ತೆ ಯಾರದೆಂಬ ಸ್ಪಷ್ಟ ಗುರುತು. ಬಂಧುಗಳೇ, ಬರುವ ಗ್ರಾಮಸಭೆಗೆ ಹೋಗುವ ಮುನ್ನ ನಿಮ್ಮ ಊರ ಕಲ್ಲಿನ ಬಣ್ಣ ನೋಡಿಕೊಂಡು ಹೋಗಿರಿ. ಅರ್ಜಿಯ ಮೊದಲ ಸಾಲು ಅಲ್ಲೇ ಇದೆ.