ಕೈಗೆಲಸದ ಪುಟ: ಉಗುರಿನ ಬಣ್ಣವೂ ಉಡುಪಿನ ಕಸುಬೂ

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದು ಇನ್ನೂ ಅರ್ಧ ಗಳಿಗೆಯಾಗಿರಲಿಲ್ಲ. ನೆರೆಮನೆಯ ಗೃಹಿಣಿಯು ಸೆರಗಿನಿಂದ ಬೆವರೊರಸಿಕೊಳ್ಳುತ್ತ ಬಂದು ನಮ್ಮ ಜಗಲಿಯ ಮೇಲೆ ಕುಳಿತಳು. "ಅಕ್ಕಾ, ನಮ್ಮ ಹುಡುಗಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಬೇಕು. ತಿಂಗಳು ತಪ್ಪದೆ ಸಂಬಳ ಬರುವ ಕಛೇರಿಯ ಕೆಲಸವನ್ನು ಬಿಡುತ್ತಾಳಂತೆ. ಉಡುಪುಗಳ ವಿನ್ಯಾಸ ಮಾಡಿಕೊಂಡು ಸ್ವಂತವಾಗಿ ಬದುಕುತ್ತಾಳಂತೆ. ಹಾಗೆನ್ನುವವಳು ಈ ಹೊತ್ತು ಬೆಳಗಿನಿಂದ ಏನು ಮಾಡುತ್ತಿದ್ದಾಳೆಂದು ಬಲ್ಲಿರಾ? ಹತ್ತು ಉಗುರಿಗೆ ಹತ್ತು ಬಗೆಯ ಚಿತ್ರ ಬರೆಯುತ್ತ ಕುಳಿತಿದ್ದಾಳೆ!" ಎಂದಳು.

ನಾನು ಎದ್ದು ಹೋಗಿ ನೋಡಿದೆನು. ಹುಡುಗಿಯ ಎಡಗೈಯ ಉಗುರುಗಳ ಮೇಲೆ ಕಸೂತಿಯ ಗೋಪುರವೂ ತೇರೂ ಚುಕ್ಕೆ ಚುಕ್ಕೆಯಾಗಿ ಮೂಡಿದ್ದುವು. "ದೊಡ್ಡಮ್ಮ, ರವಿಕೆಯ ತೋಳಿಗೆ ಹಾಕುವುದಕ್ಕೆ ಮೊದಲು ಬಣ್ಣಕ್ಕೆ ಬಣ್ಣ ಹೊಂದುವುದೋ ಇಲ್ಲವೋ ಎಂದು ಇಲ್ಲಿ ನೋಡಿಕೊಳ್ಳುತ್ತಿದ್ದೇನೆ. ತಪ್ಪಾದರೆ ಒರಸಿಬಿಡಬಹುದು, ರೇಷ್ಮೆ ಕೆಟ್ಟರೆ ಒರಸಲಾದೀತೆ?" ಎಂದಳು. ತಾಯಿಯ ಭಯವೂ ನಿಜ, ಮಗಳ ಮಾತೂ ನಿಜ. ಯಾರ ಪಕ್ಷವನ್ನು ಹಿಡಿಯಬೇಕೆಂದು ತೋಚದೆ, ಈ ಎರಡು ಕೆಲಸಗಳನ್ನೂ ಬೆಸೆದು ಬಾಳಿದ ಒಬ್ಬ ಪರದೇಶದ ಹೆಂಗಸಿನ ಕಥೆಯನ್ನು ಇಬ್ಬರಿಗೂ ಹೇಳಿದೆನು. ಅದನ್ನೇ ಈ ತಿಂಗಳು ನಮ್ಮ ವಾಚಕರಿಗೂ ಒಪ್ಪಿಸುವೆನು.

ಎಲ್ಸಾ ಸ್ಕಿಯಾಪರೆಲ್ಲಿ ಎಂಬಾಕೆ 1890ರಲ್ಲಿ ರೋಮ್ ನಗರದ ವಿದ್ವಾಂಸರ ಮನೆತನದಲ್ಲಿ ಹುಟ್ಟಿದಳು. ಮಂಗಳಗ್ರಹದ ಮೇಲೆ ಗೆರೆಗಳನ್ನು ಕಂಡೆನೆಂದು ಲೋಕಪ್ರಸಿದ್ಧನಾದ ಖಗೋಲಜ್ಞ ಜೊವಾನಿ ಸ್ಕಿಯಾಪರೆಲ್ಲಿಯು ಆಕೆಯ ದೊಡ್ಡಪ್ಪನು. ಹೊಲಿಗೆಯನ್ನು ಆಕೆ ಯಾವ ಶಾಲೆಯಲ್ಲಿಯೂ ಕಲಿತವಳಲ್ಲ. ಯೌವನದಲ್ಲಿ ಪ್ಯಾರಿಸ್ಸಿನ ನೃತ್ಯಕೂಟವೊಂದಕ್ಕೆ ಕರೆ ಬಂದಾಗ ತಕ್ಕ ಉಡುಪಿಲ್ಲದೆ, ನೀಲಿ ಬಟ್ಟೆಯ ತುಂಡೊಂದನ್ನು ಕೊಂಡು, ಹೊಲಿಯದೆ ಮೈಗೆ ಸುತ್ತಿ ಗುಂಡುಸೂಜಿಗಳಿಂದ ಸಿಕ್ಕಿಸಿಕೊಂಡು ಹೋದಳಂತೆ; ಕುಣಿಯುತ್ತಿರಲು ಸೂಜಿಗಳು ಒಂದೊಂದಾಗಿ ಕಳಚತೊಡಗಿದುವಂತೆ. ಹೊಲಿಯದ ಬಟ್ಟೆಯನ್ನು ಸೂಜಿಯ ಹಂಗಿಲ್ಲದೆ ದಿನವೆಲ್ಲ ಉಟ್ಟು ಓಡಾಡುವ ನಮ್ಮ ಸೋದರಿಯರು ಇದನ್ನು ಓದಿ ನಗದಿರಲಾರರು. ಆಕೆಯೂ ಮುಂದೆ 1935ರಲ್ಲಿ ನಮ್ಮ ಸೀರೆಯ ನೆರಿಗೆ ಸೆರಗುಗಳನ್ನು ನೋಡಿ ಅದೇ ಬಗೆಯ ಉಡುಪುಗಳನ್ನು ರಚಿಸಿದಳು.

ಆದರೆ ಆಕೆ ಈ ಕಸುಬಿಗೆ ಕೈಹಾಕಿದ್ದು ವಿನೋದಕ್ಕಾಗಿ ಅಲ್ಲ. 1920ರಲ್ಲಿ ನ್ಯೂಯಾರ್ಕಿನಲ್ಲಿ ಹೆಣ್ಣುಮಗುವಾಯಿತು. ಆ ಮಗುವಿಗಿಟ್ಟ ನಾಲ್ಕು ಹೆಸರುಗಳಲ್ಲಿ ನಮ್ಮ ರಾಧೆಯ ಹೆಸರೂ ಒಂದು. ಗಂಡನು ತಾಯಿ ಮಗುವನ್ನು ತೊರೆದು ಹೋದನು. ಮಗುವಿಗೆ ಪೋಲಿಯೋ ತಗಲಿ ಕಾಲಿನ ಶಕ್ತಿ ಕುಂದಿತು. ಕೈಯಲ್ಲಿ ಹಣವಿಲ್ಲ, ಕಾಯಿಲೆಯ ಮಗು ಬೇರೆ. ಇಂಥ ಸ್ಥಿತಿಯಲ್ಲಿ ಆಕೆ 1922ರಲ್ಲಿ ಪ್ಯಾರಿಸ್ಸಿಗೆ ಬಂದಳು. ಆಗಿನ ಪ್ರಸಿದ್ಧ ವಸ್ತ್ರವಿನ್ಯಾಸಗಾರ ಪಾಲ್ ಪೋರೆಯು ಆಕೆಯ ಅಭಿರುಚಿಯನ್ನು ಗುರುತಿಸಿ ಧೈರ್ಯ ಹೇಳಿದನು. ಮೊದಲು ಸೇರಿದ ಚಿಕ್ಕ ಉಡುಪಿನ ಮನೆಯೊಂದು ಸ್ವಲ್ಪ ಕಾಲದಲ್ಲೇ ಮುಚ್ಚಿಹೋಯಿತು. ಅಲ್ಲಿಂದ ಮುಂದೆ ಆಕೆ ತನ್ನ ವಾಸದ ಕೋಣೆಯಲ್ಲಿಯೇ ಕೆಲಸವನ್ನು ಸಾಗಿಸಿದಳು.

1927ರಲ್ಲಿ ಆಕೆಗೆ ಹೆಸರು ತಂದ ವಸ್ತುವು ಒಂದು ಉಣ್ಣೆಯ ಸ್ವೆಟರು. ಕಪ್ಪು ನೆಲದ ಮೇಲೆ, ಕೊರಳಿಗೆ ಬಿಳಿಯ ಪಟ್ಟಿಯನ್ನು ಕಟ್ಟಿಕೊಂಡಂತೆ ಕಾಣುವ ಚಿತ್ರವನ್ನು ಹೆಣಿಗೆಯಲ್ಲಿಯೇ ಮೂಡಿಸಿದ್ದಿತು. ಅದನ್ನು ಹೆಣೆದವಳು ಎಲ್ಸಾ ಅಲ್ಲ. ತಾಯ್ನಾಡನ್ನು ಕಳೆದುಕೊಂಡು ಪ್ಯಾರಿಸ್ಸಿಗೆ ಬಂದಿದ್ದ ಒಬ್ಬ ಆರ್ಮೇನಿಯದ ಹೆಂಗಸು. ಮೊದಲನೆಯ ಹೆಣಿಗೆ ಕೆಟ್ಟಿತು, ಎರಡನೆಯದು ಪರವಾಗಿಲ್ಲವೆನಿಸಿತು, ಮೂರನೆಯದು ಗೆದ್ದಿತು. ಅದನ್ನು ತೊಟ್ಟು ಔತಣವೊಂದಕ್ಕೆ ಹೋದಾಗ ಅಮೆರಿಕದ ಅಂಗಡಿಯವರೊಬ್ಬರು ಅಲ್ಲಿಯೇ 40 ಸ್ವೆಟರುಗಳಿಗೆ ಬೇಡಿಕೆಯಿತ್ತರೆಂದು ಆಕೆಯೇ ಬರೆದಿಟ್ಟಿರುವಳು. ಆಗಲೆಂದು ಒಪ್ಪಿಕೊಂಡದ್ದು ಮೊದಲು. ಹೆಣೆಯುವ ಕೈಗಳನ್ನು ಊರೆಲ್ಲ ಹುಡುಕಿದ್ದು ಆಮೇಲೆ. ಈ ವಿನ್ಯಾಸವನ್ನು ಬಹು ಬೇಗ ಎಲ್ಲರೂ ನಕಲು ಮಾಡಿದರು. ಕಲ್ಪನೆ ಆಕೆಯದು, ಲಾಭ ನೂರು ಜನರದು!

ಇನ್ನು ಉಗುರಿನ ಮಾತಿಗೆ ಬರೋಣ. 1935ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಕಾರ ಪಿಕಾಸೋ ಒಬ್ಬರ ಕೈಗಳ ಮೇಲೆ, ಕೈಚೀಲ ತೊಟ್ಟಂತೆ ಕಾಣುವ ಹಾಗೆ ಬಣ್ಣ ಬರೆದನು. ಮ್ಯಾನ್ ರೇ ಎಂಬಾತನು ಅದರ ಛಾಯಾಚಿತ್ರವನ್ನು ತೆಗೆದನು. ಅಲ್ಲಿ ಕೈಯೇ ಕೈಚೀಲವಾಗಿತ್ತಷ್ಟೆ. ಎಲ್ಸಾ ಆ ವಿನೋದವನ್ನು ತಿರುವುಮುರುವು ಮಾಡಿದಳು: 1936-37ರ ಚಳಿಗಾಲಕ್ಕಾಗಿ ಕಪ್ಪು ಚರ್ಮದ ಕೈಚೀಲಗಳನ್ನು ಮಾಡಿಸಿ, ಒಂದೊಂದು ಬೆರಳ ತುದಿಗೂ ಕೆಂಪು ಹಾವಿನ ಚರ್ಮದ ಉಗುರನ್ನು ಕತ್ತರಿಸಿ ಕೂರಿಸಿದಳು. ಈಗ ಕೈಚೀಲವೇ ಕೈಯಾಯಿತು. 1969ರಲ್ಲಿ ಆಕೆ ತನ್ನ ಹಲವು ಕೃತಿಗಳನ್ನು ಅಮೆರಿಕದ ಫಿಲಡೆಲ್ಫಿಯಾ ಕಲಾಸಂಗ್ರಹಾಲಯಕ್ಕೆ ದಾನವಿತ್ತಾಗ ಇಂಥ ಒಂದು ಜೊತೆಯೂ ಅಲ್ಲಿ ಸೇರಿತು. ನಮ್ಮ ನೆರೆಮನೆಯ ಹುಡುಗಿ ರವಿಕೆಯ ಕಸೂತಿಯನ್ನು ಉಗುರಿಗೆ ತಂದಳು; ಎಲ್ಸಾ ಉಗುರಿನ ಕೆಂಪನ್ನು ಉಡುಪಿಗೆ ತಂದಳು. ದಾರಿ ಒಂದೇ, ನಡೆದ ದಿಕ್ಕು ಬೇರೆ.

ಕೀರ್ತಿಗೇನೂ ಕೊರತೆಯಾಗಲಿಲ್ಲ. 1934ರಲ್ಲಿ ಅಮೆರಿಕದ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂದಿತು; ಮರುವರ್ಷ ಪ್ಯಾರಿಸ್ಸಿನ ಪ್ಲಾಸ್ ವಾಂಡೋಮ್ ಎಂಬ ಪ್ರತಿಷ್ಠಿತ ಚೌಕದಲ್ಲಿ ಆಕೆಯ ಅಂಗಡಿ ತೆರೆಯಿತು; ನೂರಾರು ಜನ ಕೆಲಸಗಾರರಿದ್ದರು. ಆದರೆ ಎರಡನೆಯ ಮಹಾಯುದ್ಧದ ಬಳಿಕ ಜನರ ರುಚಿ ಬದಲಾಯಿತು, ಸಾಲ ಬೆಳೆಯಿತು. 1954ರಲ್ಲಿ ಆಕೆ ಉಡುಪಿನ ಮನೆಯ ಬಾಗಿಲನ್ನು ಮುಚ್ಚಿದಳು. ಅದೇ ವರ್ಷ ತನ್ನ ಬಾಳಿನ ಕಥೆಯನ್ನು ಪುಸ್ತಕವಾಗಿ ಹೊರತಂದಳು. 1973ರಲ್ಲಿ ತೀರಿಕೊಂಡಳು.

ಈ ಕಥೆ ಮುಗಿದ ಮೇಲೆ ತಾಯಿಯು, "ನೋಡಿದೆಯಾ, ಕಡೆಗೆ ಸಾಲವೇ ಗತಿ!" ಎಂದಳು. ಮಗಳು, "ನೋಡಿದೆಯಾ ಅಮ್ಮ, ಕಾಯಿಲೆಯ ಮಗುವನ್ನು ಸಾಕಿದ್ದು ಆ ಕಸುಬೇ!" ಎಂದಳು. ಆಗ ನಾನು ಹುಡುಗಿಯನ್ನು ಕುರಿತು, ಕಡೆಯದಾಗಿ ಮಾಡಿಕೊಟ್ಟ ರವಿಕೆಯ ಲೆಕ್ಕವನ್ನು ಹೇಳೆಂದೆನು. ಗಿರಾಕಿಯಿಂದ ಬಂದದ್ದು 900 ರೂಪಾಯಿ. ನೂಲು, ಒಳಬಟ್ಟೆ, ಕೊಂಡಿಗಳಿಗೆ ಹೋದದ್ದು 350. "550 ಉಳಿಯಿತು ದೊಡ್ಡಮ್ಮ" ಎಂದಳು, ಹೆಮ್ಮೆಯಿಂದ. "ಎಷ್ಟು ಗಂಟೆ ಕುಳಿತೆ?" ಎಂದೆನು. ನಕ್ಷೆ ಬರೆದದ್ದು, ಅಳತೆ ತೆಗೆದದ್ದು, ಪೇಟೆ ಸುತ್ತಿ ನೂಲು ತಂದದ್ದು, ಕಸೂತಿ ಹಾಕಿದ್ದು, ತೋಳು ಬಿಗಿಯಾಯಿತೆಂದು ಬಿಚ್ಚಿ ಮತ್ತೆ ಹೊಲಿದದ್ದು ಎಲ್ಲವೂ ಸೇರಿ 22 ಗಂಟೆಯಾಯಿತು. ಅಂದರೆ ಗಂಟೆಗೆ 25 ರೂಪಾಯಿ. ಹುಡುಗಿಯ ಮುಖ ಸಣ್ಣಗಾಯಿತು. ನನಗೂ ಕನಿಕರವಾಯಿತು, ಆದರೆ ಈ ಲೆಕ್ಕವನ್ನು ಇಂದು ಜಗಲಿಯಲ್ಲಿ ಕುಳಿತು ಮಾಡುವುದು, ನಾಳೆ ಸಾಲಗಾರನ ಮುಂದೆ ನಿಂತು ಮಾಡುವುದಕ್ಕಿಂತ ಲೇಸು.

ಸ್ವತಂತ್ರವಾಗಿ ಉಡುಪಿನ ಕಸುಬನ್ನು ಕೈಕೊಳ್ಳುವವರು ಮೂರು ಸಂಗತಿಗಳನ್ನು ಮರೆಯತಕ್ಕದ್ದಲ್ಲ. ಚಿತ್ರ ಬರೆಯುವ ಸಂತೋಷವು ದಿನದಲ್ಲಿ ಅಲ್ಪ ಭಾಗ. ಮಿಕ್ಕ ಹೊತ್ತೆಲ್ಲ ಅಳತೆ, ಕತ್ತರಿಕೆ, ತಿದ್ದುಪಡಿ, ಗಿರಾಕಿಯ ಮನಸ್ಸು, ಬಾಕಿಯ ವಸೂಲಿ ಇವುಗಳಿಗೇ ಸಲ್ಲುವುದು. ಎರಡನೆಯದಾಗಿ, ಕಸುಬು ಬೆಳೆದಂತೆ ಇತರರ ಕೈಗಳು ಬೇಕಾಗುವುವು. ಆ ಕೈಗಳ ಕೂಲಿಯನ್ನು ಮೊದಲು ಕೊಟ್ಟು, ಉಳಿದುದನ್ನು ತನ್ನದೆಂದು ಎಣಿಸಬೇಕು. ಮೂರನೆಯದಾಗಿ, ಮುಂಗಡ ಪಡೆಯದೆ ಬಟ್ಟೆಗೆ ಕತ್ತರಿ ಹಾಕಬಾರದು; ಗಂಟೆಗಳನ್ನು ಬರೆದಿಡದೆ ಬೆಲೆ ಹೇಳಬಾರದು.

ಉಗುರಿನ ಅಲಂಕಾರವನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮವನ್ನು ಆ ಹುಡುಗಿಯಿಂದಲೇ ಕೇಳಿ ತಿಳಿದೆನು. ನನಗೆ ತಿಳಿದ ಎಚ್ಚರಿಕೆಗಳನ್ನೂ ಸೇರಿಸಿ ಬರೆಯುವೆನು. ಹಳೆಯ ಬಣ್ಣವನ್ನು ತೆಗೆದು, ಕೈತೊಳೆದು, ಚೆನ್ನಾಗಿ ಒಣಗಿಸಬೇಕು. ಉಗುರಿನ ಅಂಚನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ ನುಣುಪು ಮಾಡಬೇಕು. ಬುಡದ ತೆಳುಚರ್ಮವನ್ನು ಕತ್ತರಿಸಬಾರದು. ಕೊಳೆ ಒಳಸೇರಿ ಕೀವಾಗದಂತೆ ಕಾಯುವುದು ಅದೇ. ಮೊದಲು ಬಣ್ಣವಿಲ್ಲದ ಲೇಪವನ್ನು ಹಚ್ಚಿದರೆ ಗಾಢವಾದ ಬಣ್ಣದಿಂದ ಉಗುರು ಹಳದಿಯಾಗುವುದು ಕಡಮೆಯಾಗುತ್ತದೆ. ಆಮೇಲೆ ಬಣ್ಣವನ್ನು ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳುವಾಗಿ ಎರಡು ಸಲ ಬಳಿಯುವುದು ಮೇಲು. ನಡುವೆ ಒಣಗಲು ಬಿಡಬೇಕು.

ಎಲ್ಸಾಳ ಕಾಲದಲ್ಲಿ ಉಗುರಿನ ಬುಡದ ಅರ್ಧಚಂದ್ರವನ್ನು ಬರಿದಾಗಿ ಬಿಟ್ಟು ಮೇಲೆ ಮಾತ್ರ ಬಣ್ಣ ಹಚ್ಚುವ ಪದ್ಧತಿಯಿತ್ತು. ಕಛೇರಿಯ ಕಾಗದಗಳ ತೂತು ಹರಿಯದಂತೆ ಅಂಟಿಸುವ ಬಳೆಯಾಕಾರದ ಚೀಟಿಯನ್ನು ಬುಡದಲ್ಲಿ ಅಂಟಿಸಿ ಬಣ್ಣ ಬಳಿದು, ಪೂರ್ತಿ ಒಣಗುವ ಮೊದಲೇ ಮೆಲ್ಲನೆ ಎತ್ತಿದರೆ ಚಂದ್ರನು ತಾನಾಗಿ ಮೂಡುವನು. ಚುಕ್ಕೆಗಳಿಗೆ ಗುಂಡುಸೂಜಿಯ ತಲೆಯೇ ಸಾಕು: ಕಾಗದದ ಮೇಲೆ ಒಂದು ತೊಟ್ಟು ಬಣ್ಣವಿಟ್ಟು, ಪ್ರತಿ ಚುಕ್ಕೆಗೂ ಹೊಸದಾಗಿ ಅದ್ದಿದರೆ ಎಲ್ಲವೂ ಸಮನಾಗುವುವು. ರಂಗೋಲಿ ಬಲ್ಲವರಿಗೆ ಇದನ್ನು ಕಲಿಸಬೇಕಾದುದಿಲ್ಲ. ಚಿತ್ರ ಚೆನ್ನಾಗಿ ಒಣಗಿದ ಮೇಲೆ ಬಣ್ಣವಿಲ್ಲದ ಲೇಪವನ್ನು ಮೇಲೆ ಹಚ್ಚಬೇಕು. ಅವಸರಪಟ್ಟರೆ ಚುಕ್ಕೆಗಳು ಕದಡುವುವು.

ಉಗುರುಬಣ್ಣವೂ ಅದನ್ನು ತೆಗೆಯುವ ಅಸಿಟೋನೂ ಬೇಗನೆ ಬೆಂಕಿ ಹತ್ತುವ ದ್ರವಗಳು. ಆದುದರಿಂದ ಒಲೆಯ ಬಳಿ, ದೇವರ ದೀಪದ ಬಳಿ ಇವನ್ನು ತೆರೆಯಲೇಬಾರದು; ಕಿಟಕಿ ತೆರೆದಿರಬೇಕು; ಮಕ್ಕಳ ಕೈಗೆ ಸಿಗಬಾರದು. ಚಕ್ಕೆಯೇಳುತ್ತಿರುವ ಬಣ್ಣದ ಕೈಯಿಂದ ಹಿಟ್ಟು ನಾದಬಾರದು. ಈಗ ದೀಪದ ಬೆಳಕಿನಲ್ಲಿ ಗಟ್ಟಿಯಾಗಿಸುವ 'ಜೆಲ್' ಬಣ್ಣಗಳನ್ನೂ ಮನೆಯಲ್ಲಿ ಹಚ್ಚಿಕೊಳ್ಳುವವರುಂಟು. ಅದು ಗಟ್ಟಿಯಾಗುವ ಮುನ್ನ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಗುಳ್ಳೆಗಳು ಹುಟ್ಟುವುವು. ಒಮ್ಮೆ ಅಂಟಿದ ಈ ಒಗ್ಗದಿಕೆಯು ಬಾಳಿಡೀ ಉಳಿಯಬಹುದು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವಾಗ ಬಣ್ಣವನ್ನು ತೆಗೆದೇ ಹೋಗತಕ್ಕದ್ದು. ರಕ್ತದಲ್ಲಿ ಪ್ರಾಣವಾಯು ಸಾಲದಾದರೆ ಅದರ ಸುಳಿವು ಉಗುರಿನಲ್ಲಿ ತೋರುವುದು.

ಇವೆಲ್ಲ ಬೇಡವೆನ್ನುವವರಿಗೆ ಹಿತ್ತಿಲಿನ ಮದರಂಗಿಯುಂಟು. ಎಲೆಯನ್ನು ನುಣ್ಣಗೆ ಅರೆದು ಬೆರಳ ತುದಿಗೆ ಟೋಪಿಯಂತೆ ಮೆತ್ತಿ ರಾತ್ರಿ ಕಳೆದರೆ ಬೆಳಗ್ಗೆ ಕೆಂಪು. ಚರ್ಮದ ಕೆಂಪು ಕೆಲವು ವಾರಗಳಲ್ಲಿ ಮಾಸುವುದು. ಉಗುರಿನದು ಉಗುರು ಬೆಳೆದು ಕತ್ತರಿಸುವವರೆಗೂ ನಿಲ್ಲುವುದು. ಆದರೆ ಕಪ್ಪು ಮದರಂಗಿಯೆಂದು ಮಾರುವ ಲೇಪವನ್ನು ಮುಟ್ಟಬಾರದು. ಕೂದಲಿಗೆ ಹಚ್ಚುವ ರಾಸಾಯನಿಕ ಬಣ್ಣವನ್ನು ಅದರಲ್ಲಿ ಬೆರೆಸಿರುವುದುಂಟು, ಅದು ಚರ್ಮವನ್ನು ಸುಡುವುದು.

ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುವುದು. ಬುಡದಿಂದ ತುದಿಗೆ ಬರಲು ಆರು ತಿಂಗಳು ಹಿಡಿಯುವುದು. ತಾಯಿ ಮಗಳಿಬ್ಬರೂ ಕಡೆಗೆ ಅಷ್ಟೇ ಅವಧಿಗೆ ಒಪ್ಪಿದರು. ಆರು ತಿಂಗಳು ಹುಡುಗಿ ಕಛೇರಿಯನ್ನು ಬಿಡತಕ್ಕದ್ದಲ್ಲ. ರಜೆಯ ದಿನಗಳಲ್ಲಿ ಪಡಸಾಲೆ ಅವಳ ಹೊಲಿಗೆಗೆ ಮೀಸಲು, ಆಗ ತಾಯಿ ಅವಳನ್ನು ಮನೆಗೆಲಸಕ್ಕೆ ಕರೆಯತಕ್ಕದ್ದಲ್ಲ. ಪ್ರತಿಯೊಂದು ಕೆಲಸದ ಗಂಟೆಯೂ ಲೆಕ್ಕದ ಪುಸ್ತಕಕ್ಕೆ ಏರಬೇಕು. ಮೊನ್ನೆ ಆ ಕಡೆ ಹೋದಾಗ ಪುಸ್ತಕದ ಮೊದಲ ಪುಟವನ್ನು ನೋಡಿದೆನು. ಗಂಟೆಗಳ ಸಾಲನ್ನು ಬರೆದಿದ್ದ ಅಕ್ಷರ ಮಾತ್ರ ಹುಡುಗಿಯದಲ್ಲ, ತಾಯಿಯದು. "ಅವಳು ಮರೆಯುತ್ತಾಳೆ ಅಕ್ಕಾ, ಅದಕ್ಕೇ ನಾನೇ ಗಡಿಯಾರ ನೋಡಿ ಬರೆಯುತ್ತೇನೆ" ಎಂದಳು ಆಕೆ. ಮಗಳ ಕಸುಬಿಗೆ ಮೊದಲ ಕೈಜೋಡಿ ಮನೆಯಲ್ಲಿಯೇ ದೊರೆತಂತಾಯಿತು. ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಹುಡುಗಿಯರಿದ್ದರೆ, ಬೈಯುವುದಕ್ಕೆ ಮೊದಲು ಒಂದು ಲೆಕ್ಕದ ಪುಸ್ತಕವನ್ನು ತಂದುಕೊಡಿರಿ.