ಬಾಣಂತಿಯ ಕೋಣೆಯೂ ಇದ್ದಲಿಯ ಕೆಂಡವೂ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಗೆ ಮಗಳು ಹೆರಿಗೆಗೆಂದು ತವರುಮನೆಗೆ ಬಂದಳೆಂದರೆ ಮನೆಯಲ್ಲಿ ಒಂದು ಕೋಣೆ ಅವಳಿಗೆ ಮೀಸಲಾಗುತ್ತದೆ. ಇಂದಿಗೂ ಹಲವು ಮನೆಗಳಲ್ಲಿ ಆ ಕೋಣೆಯ ಕಿಟಕಿಗೆ ಹಳೆಯ ಚಾದರು ಬೀಳುತ್ತದೆ, ಬಾಗಿಲು ಮುಚ್ಚುತ್ತದೆ, ಹೊರಸಿನ ಕೆಳಗೋ ಮಗ್ಗುಲಿಗೋ ಶೆಗಡಿಯಲ್ಲಿ ಇದ್ದಲಿಯ ಕೆಂಡ ಬಂದು ಕೂಡುತ್ತದೆ. ಎಣ್ಣೆ ಹಚ್ಚಿ ಎರೆದ ಮೇಲೆ ತಾಯಿಗೂ ಕೂಸಿಗೂ ಶೇಕ ಬೇಕು, ಗಾಳಿ ತಾಗಬಾರದು. “ಗಾಳಿ ಬಡೀತದ, ಬಾಗಿಲಾ ಮುಂದ ಮಾಡ್ರಿ” ಎಂದು ಆಯಿ ಹೇಳಿದ ಮೇಲೆ ಎದುರಾಡುವವರು ಯಾರು? ಕೂಸನ್ನು ಬೆಚ್ಚಗಿಡಬೇಕೆಂಬ ಅವರ ಮಾತು ಸುಳ್ಳಲ್ಲ. ವೈದ್ಯರೂ ಅದನ್ನೇ ಹೇಳುತ್ತಾರೆ. ಆದರೆ ಮುಚ್ಚಿದ ಕೋಣೆ ಮತ್ತು ಕೆಂಡ, ಇವೆರಡನ್ನು ಕೂಡಿಸುವ ರೂಢಿಯನ್ನು ಮಾತ್ರ ನಾವು ಬಿಡಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈಗ ಕಾರ್ಬನ್ ಮೊನಾಕ್ಸೈಡ್ ಅಲಾರಾಮು ಎಂಬ ಸಣ್ಣ ಯಂತ್ರ ಕೊಳ್ಳಲು ಸಿಗುತ್ತದೆ. ಅದನ್ನು ತಂದು ಗೋಡೆಗೆ ಹಾಕಿದೆವು, ಇನ್ನು ಕೆಂಡ ಇಡಲು ಅಡ್ಡಿಯಿಲ್ಲ ಎಂದುಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ.

ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ. ಆದ್ದರಿಂದ ಹಿರಿಯರು ಶೆಗಡಿಯನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲೆಯೇ ಒಳಗೆ ತರುತ್ತಾರೆ. ಹೊಗೆ ಹೋಯಿತು, ಅಪಾಯವೂ ಹೋಯಿತು ಎಂದು ಅವರ ನಂಬಿಕೆ. ಇಲ್ಲಿಯೇ ಮೋಸವಿರುವುದು. ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳು ಶೆಗಡಿಯನ್ನು ಒಮ್ಮೆ ಅಂಗಳದಲ್ಲಿಯೇ ನಿಂತು ಗಮನಿಸಬೇಕು. ಕೆಳಗಿನ ಇದ್ದಲಿ ಗಾಳಿಯ ಆಮ್ಲಜನಕದೊಡನೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪು ಕೆಂಡಗಳ ನಡುವೆ ಹಾಯ್ದು ಬರುವಾಗ ಮತ್ತಷ್ಟು ಇಂಗಾಲವನ್ನು ಕೂಡಿಸಿಕೊಂಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಆಗಾಗ ಕುಣಿಯುವ ಸಣ್ಣ ನೀಲಿ ಜ್ವಾಲೆ ಇದೇ ಅನಿಲ ಉರಿಯುವ ಗುರುತು. ಉರಿಯದೆ ಉಳಿದದ್ದು ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಉಸಿರಿನೊಡನೆ ಒಳಹೊಕ್ಕು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಮಂಪರು. ಬಾಣಂತಿ ಹಾಗೆ ಮಂಪರಿನಲ್ಲಿದ್ದರೆ ನಾವು ದಣಿವೆನ್ನುತ್ತೇವೆ. ತಲೆ ನೋಯುತ್ತದೆ ಎಂದರೆ ಪಿತ್ತವೆನ್ನುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಕೂಸಂತೂ ಏನನ್ನೂ ಹೇಳಲಾರದು.

ಹಾಗಾದರೆ ಹಿಂದಿನವರೂ ಕೆಂಡ ಇಡುತ್ತಿದ್ದರಲ್ಲ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಹಿಂದಿನ ಮಾಳಿಗೆಯ ಮನೆಗಳಲ್ಲಿ ಮೇಲ್ಮುದ್ದೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬೆಳಕೂ ಒಳಗೆ ಬರುತ್ತಿತ್ತು, ಬಿಸಿಗಾಳಿಯೂ ಹೊರಗೆ ಹೋಗುತ್ತಿತ್ತು. ಕದಗಳ ಸಂದಿನಲ್ಲಿ ಬೆರಳು ತೂರುವಷ್ಟು ಜಾಗವಿರುತ್ತಿತ್ತು. ಈಗಿನ ಸ್ಲ್ಯಾಬಿನ ಮನೆಯಲ್ಲಿ ಬೆಳಕಿಂಡಿಯಿಲ್ಲ, ಕಿಟಕಿಗೆ ಗಾಜು ಬಿಗಿಯಾಗಿ ಕೂಡುತ್ತದೆ. ಮನೆ ಬದಲಾಯಿತು, ರೂಢಿ ಬದಲಾಗಲಿಲ್ಲ. ಆ ಕಾಲದಲ್ಲಿ ಯಾರೂ ಸಾಯಲಿಲ್ಲವೆಂದು ನಾನು ಹೇಳುತ್ತಿಲ್ಲ. ಸತ್ತರೆ ಕಾರಣವನ್ನು ಬೇರೆ ಎಲ್ಲಿಯೋ ಹುಡುಕುತ್ತಿದ್ದರು. ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಸೀತನಿ ಸುಟ್ಟು ಸುತ್ತಲೂ ಕುಳಿತು ತಿನ್ನುತ್ತೇವೆ, ಯಾರಿಗೂ ಏನೂ ಆಗುವುದಿಲ್ಲ. ಅಲ್ಲಿ ಆಕಾಶವೇ ಬೆಳಕಿಂಡಿ.

ದೂರದ ಮಾತಲ್ಲ ಇದು. 2025ರ ನವೆಂಬರ್ ತಿಂಗಳಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಲಿ ಹೊತ್ತಿಸಿಟ್ಟು ಮಲಗಿದ ಮೂವರು ತರುಣರು ಮತ್ತೆ ಏಳಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಊರಿನ ವಸತಿಗೃಹದಲ್ಲಿ ಗ್ಯಾಸ್ ಹೀಟರು ಹಚ್ಚಿ ಬಾಗಿಲು ಕಿಟಕಿ ಮುಚ್ಚಿಕೊಂಡು ಮಲಗಿದ್ದ ಕೇರಳದ 8 ಜನ ಪ್ರವಾಸಿಗರು ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಬಚ್ಚಲಮನೆಯ ಗ್ಯಾಸ್ ಗೀಜರಿನ ಕಥೆಯೂ ಇದೇ. ಹಿಂದಿನ ತಾಮ್ರದ ಬಂಬಿಗೆ ಹೊಗೆ ಹೋಗುವ ಕೊಳವೆಯಾದರೂ ಇತ್ತು; ಗೀಜರನ್ನು ಕಿಟಕಿಯಿಲ್ಲದ ಸಣ್ಣ ಬಚ್ಚಲಿನೊಳಗೇ ತೂಗಹಾಕುತ್ತೇವೆ. ಅದು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇರಬೇಕು. ಸದ್ಯಕ್ಕೆ ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಕೊಂಡು, ಗೀಜರು ಆರಿಸಿದ ಮೇಲೆಯೇ ಬಾಗಿಲು ಹಾಕಿ ಮೀಯಬೇಕು.

ಇನ್ನು ಅಲಾರಾಮಿನ ವಿಚಾರ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಕೆನರಿ ಎಂಬ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಈ ಅನಿಲಕ್ಕೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. ಅಲ್ಲಿ 1986ರಲ್ಲಿ ಹಕ್ಕಿಗಳನ್ನು ಕೈಬಿಟ್ಟು ಯಂತ್ರಗಳನ್ನು ತಂದರು. ಮನೆಯ ಅಲಾರಾಮು ಅಂಥದೇ ಒಂದು ಹಕ್ಕಿ. ಕೊಳ್ಳುವಾಗ ಡಬ್ಬಿಯ ಮೇಲೆ ‘ಕಾರ್ಬನ್ ಮೊನಾಕ್ಸೈಡ್’ ಎಂದೇ ಇದೆಯೋ ನೋಡಿಕೊಳ್ಳಬೇಕು. ಅಡಿಗೆಯ ಗ್ಯಾಸ್ ಸೋರಿದರೆ ಕೂಗುವ ಯಂತ್ರ ಬೇರೆ. ಅದೊಂದನ್ನೇ ನಂಬಿ ಶೆಗಡಿಯ ಮುಂದೆ ಕುಳಿತರೆ ಪ್ರಯೋಜನವಿಲ್ಲ. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ಕೋಣೆಯ ತುಂಬ ಬೆರೆಯುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲಿ ಮಲಗಿದವರ ತಲೆಯ ಮಟ್ಟಕ್ಕೆ ಅದನ್ನು ಇಡುವುದು ಒಳ್ಳೆಯದು. ಪರದೆಯ ಹಿಂದೆ, ಕಿಟಕಿಯ ಬಾಯಲ್ಲಿ, ಫ್ಯಾನಿನ ಗಾಳಿಗೆ, ಬಚ್ಚಲಿನ ಹಬೆಯಲ್ಲಿ ಇಡಬಾರದು. ದೇವರ ಜಗುಲಿಯ ಮೇಲೆ ಶೋಭೆಗೆ ಇಡುವವರಿಗೆ ನಾನೇನೂ ಹೇಳಲಾರೆ.

ಅದು ಅನಿಲ ಸೋಕಿದೊಡನೆ ಕೂಗುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಯುರೋಪಿನ ಇಎನ್ 50291 ಎಂಬ ನಿಯಮದಂತೆ ಮಾಡಿದ ಅಲಾರಾಮು, ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು ಅನಿಲವಿದ್ದರೆ 60ರಿಂದ 90 ನಿಮಿಷಗಳ ನಡುವೆ ಕೂಗಬೇಕು. 100 ಪಾಲಿದ್ದರೆ 10ರಿಂದ 40 ನಿಮಿಷಗಳಲ್ಲಿ. 300 ಪಾಲಿದ್ದರೆ 3 ನಿಮಿಷದೊಳಗೆ. ಈ ಅಳತೆಗಳನ್ನು ಗಟ್ಟಿಮುಟ್ಟಾದ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ಬಸುರಿ, ಹಸುಗೂಸು, ಹೃದಯದ ಬೇನೆಯುಳ್ಳ ಮುತ್ಯಾ, ಇವರಿಗೆ ಅದಕ್ಕಿಂತ ಕಡಿಮೆಯಲ್ಲಿಯೇ ಕೆಡುಕಾಗಬಹುದು. ಅಂದ ಮೇಲೆ ಅಲಾರಾಮು ಸುಮ್ಮನಿದೆಯೆಂದು ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವುದು ಸಲ್ಲದು. ಕಣ್ಣಿಗೆ ಕಾಣದೆ ಕೆಟ್ಟುಹೋದ ಒಲೆ, ಗೀಜರುಗಳಿಗಾಗಿ ಅದು ಇರಲಿ. ಶೇಕಕ್ಕೆ ಬಿಸಿನೀರಿನ ರಬ್ಬರ್ ಚೀಲವುಂಟು, ಅಂಗಳದ ಶೆಗಡಿಯಲ್ಲಿ ಕಾಸಿ ತಂದ ಅರಿವೆಯುಂಟು, ಕೂಸಿಗೆ ತಾಯಿಯ ಎದೆಯ ಕಾವುಂಟು. ಆಯಿಯ ಮಾತನ್ನು ಮೀರದೆಯೇ ಇದೆಲ್ಲ ಸಾಧ್ಯ.

ಅಲಾರಾಮು ಕೂಗಿತೆಂದರೆ ಅದು ಸುಳ್ಳೋ ನಿಜವೋ ಎಂದು ಚರ್ಚಿಸುತ್ತ ನಿಲ್ಲಬಾರದು, ಬ್ಯಾಟರಿ ಕಿತ್ತು ಬಾಯಿ ಮುಚ್ಚಿಸಬಾರದು. ಕೂಸನ್ನೆತ್ತಿಕೊಂಡು, ಹಾದಿಯಲ್ಲಿನ ಬಾಗಿಲು ತೆರೆಯುತ್ತ, ಕೈಗೆ ಸಿಕ್ಕರೆ ಗ್ಯಾಸ್ ಆರಿಸಿ, ಎಲ್ಲರೂ ಅಂಗಳಕ್ಕೆ ಬಂದು ತಲೆ ಎಣಿಸಬೇಕು. ಯಾರಿಗಾದರೂ ತಲೆಸುತ್ತು, ಮಂಪರು ಇದ್ದರೆ 108ಕ್ಕೆ ಕರೆ ಮಾಡಬೇಕು. ದವಾಖಾನೆಯಲ್ಲಿ “ಮುಚ್ಚಿದ ಕೋಣೆಯಲ್ಲಿ ಕೆಂಡವಿತ್ತು” ಎಂಬುದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಏಕೆಂದರೆ ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರು ಈ ವಿಷ ಹಿಡಿದ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ಭೇದವರಿಯದು. 98 ಎಂದು ತೋರಿಸುತ್ತಲೇ ಇರಬಹುದು.

ಯಂತ್ರವನ್ನು ನೋಡಿಕೊಳ್ಳುವ ಕೆಲಸ ಮನೆಯ ಶಾಲೆಯ ಮಕ್ಕಳದಾಗಲಿ. ವಾರಕ್ಕೊಮ್ಮೆ ಪರೀಕ್ಷೆಯ ಗುಂಡಿ ಒತ್ತಬೇಕು. ಆದರೆ ಅದರಿಂದ ತಿಳಿಯುವುದು ಕೂಗುವ ಗಂಟಲು ಸರಿಯಿದೆಯೆಂದು, ಮೂಸುವ ಮೂಗು ಸರಿಯಿದೆಯೆಂದಲ್ಲ. ಮೂಗಿನ ಆಯುಷ್ಯ ಸಾಮಾನ್ಯವಾಗಿ 5ರಿಂದ 10 ವರ್ಷ; ಬದಲಿಸಬೇಕಾದ ತಾರೀಖು ಹಿಂಬದಿಗೆ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಚಿಂವ್ ಎಂದರೆ ಬ್ಯಾಟರಿ ಇಲ್ಲವೆ ಆಯುಷ್ಯ ಮುಗಿಯಿತೆಂದು ಅರ್ಥ.

ಪಾಲಕರಲ್ಲಿ ಒಂದು ಮಾತು. ಹಣ ಒಂದಕ್ಕೇ ಸಾಲುವಂತಿದ್ದರೆ ಮೊದಲು ಬಚ್ಚಲಿಗೊಂದು ಕಿಟಕಿ ಒಡೆಸಿರಿ, ಅಲಾರಾಮು ಆಮೇಲೆ. ಎರಡಕ್ಕೂ ಅನುಕೂಲವಿದ್ದವರು ಅದನ್ನು ಮಗಳ ಕುಬಸಕ್ಕೆ ತರಬಹುದು. ಕೂಸಿನ ಬೆಳ್ಳಿಯ ಉಡದಾರ ತೊಟ್ಟಿಲ ದಿನದವರೆಗೆ ಕಾಯಬಲ್ಲದು. ಇದು ಹೆರಿಗೆಗೆ ಮುಂಚೆಯೇ ಗೋಡೆಯ ಮೇಲೆ ಇರಬೇಕು.