ಜಾಗ ನೋಡೋಕೆ ಜುಲೈನಲ್ಲಿ ಹೋಗಿ

ಹಾಸ್ಟೆಲ್‌ನಲ್ಲಿ ಸುಮಾರು ಜನರ ಕನಸು ಒಂದೇ: ಐದು ವರ್ಷ ಕೆಲಸ, ಆಮೇಲೆ ಮಲೆನಾಡಲ್ಲಿ ಎರಡು ಎಕರೆ, ಸೋಲಾರ್, ಕರೆಂಟ್ ಬಿಲ್ಲೇ ಇಲ್ಲ! 2020ರ ಕಾನೂನು ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಹಾಗಾಗಿ ಇದು ಬರೀ ಹರಟೆ ಅಲ್ಲ.

ಆದ್ರೆ ಜಾಗ ನೋಡೋಕೆ ಎಲ್ಲರೂ ಹೋಗೋದು ಡಿಸೆಂಬರ್ ರಜೆಯಲ್ಲಿ. ಆಗ ಹಳ್ಳದಲ್ಲಿ ನೀರೂ ಇರುತ್ತೆ, ಬಿಸಿಲೂ ಇರುತ್ತೆ. ನನ್ನ ಪ್ರಕಾರ ನೋಡಬೇಕಾದ್ದು ಜುಲೈ ಮತ್ತು ಏಪ್ರಿಲ್‌ನಲ್ಲಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಿನಗಟ್ಟಲೆ ಮೋಡ ಇದ್ರೆ ಪ್ಯಾನೆಲ್ ನಂಬೋಕಾಗಲ್ಲ. ಆಗ ಹಳ್ಳವೇ ಗತಿ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಲ್ಲಿ ಇಳಿದ್ರೆ, ಅರ್ಧ ನಷ್ಟ ಆದ್ರೂ ಸಣ್ಣ ಟರ್ಬೈನ್‌ನಿಂದ ಸುಮಾರು 500 ವ್ಯಾಟ್ ಸಿಗುತ್ತೆ. ಏಪ್ರಿಲ್‌ನಲ್ಲಿ ಉಲ್ಟಾ: ಕರೆಂಟ್ ಸೋಲಾರ್ ಕೊಡುತ್ತೆ, ಕುಡಿಯೋಕೆ ಬಾವಿಯಲ್ಲಿ ನೀರು ಉಳಿದಿದೆಯಾ?

ಇನ್ನೊಂದು ಮಾತು. ಮಳೆಗೆ ಕಾಲುಸಂಕ ಕೊಚ್ಚಿಹೋದ್ರೆ ಆಸ್ಪತ್ರೆಗೆ ದಾರಿ ಯಾವುದು? ಇದಕ್ಕೆ ಉತ್ತರ ಗೂಗಲ್ ಮ್ಯಾಪ್ಸ್‌ನಲ್ಲಿಲ್ಲ, ಪಕ್ಕದ ಮನೆಯವರ ಹತ್ರ ಇದೆ. ಪಕ್ಕದ ಮನೆಯೇ ಇಲ್ಲದ ಜಾಗ ಎಷ್ಟೇ ಚೆಂದ ಇರ್ಲಿ, ಬಿಟ್ಬಿಡಿ.